ಮಾಸಾಶನ ನಂಬಿದ ಯುವಜನರಿಗೆ ದಾವಣಗೆರೆಯಲ್ಲಿ ಸೂರು: ಯಾವ ದಾರಿ ಯಾರಿಗೆ ಹೊಂದುತ್ತದೆ

ನಮ್ಮ ರಾಜ್ಯದಲ್ಲಿ ಶೇ 40ರಿಂದ 75ರೊಳಗೆ ಅಂಗವಿಕಲತೆ ಇರುವವರಿಗೆ ತಿಂಗಳಿಗೆ 800 ರೂಪಾಯಿ, ಅದಕ್ಕಿಂತ ಹೆಚ್ಚಿರುವವರಿಗೆ 1,400 ರೂಪಾಯಿ ಮಾಸಾಶನ ಬರುತ್ತದೆ. ಹೆಚ್ಚಿನ ಮೊತ್ತವನ್ನೇ ಹಿಡಿದರೂ ವರ್ಷಕ್ಕೆ 16,800 ರೂಪಾಯಿ. ಈ ದುಡ್ಡೊಂದನ್ನೇ ನಂಬಿಕೊಂಡು ದಾವಣಗೆರೆಯಲ್ಲಿ ಮನೆ ಮಾಡಲು ಸಾಧ್ಯವಿಲ್ಲ. ಆದರೂ ಇಪ್ಪತ್ತು ದಾಟಿದ ಅಂಗವಿಕಲ ಯುವಕ ಯುವತಿಯರು ಒಂದಲ್ಲ ಒಂದು ದಿನ ಮನೆಯ ಪ್ರಶ್ನೆಗೆ ಮುಖ ಕೊಡಲೇಬೇಕಾಗುತ್ತದೆ. ಅಪ್ಪ ಅವ್ವನ ಕೈಲಿ ನಮ್ಮನ್ನು ಎತ್ತಿ ಕೂರಿಸುವುದು ಆಗದಂತಾಗುತ್ತದೆ, ಅಣ್ಣನಿಗೆ ಮದುವೆಯಾಗಿ ಇದ್ದ ಒಂದು ಕೋಣೆಯೂ ಕೈತಪ್ಪುತ್ತದೆ, ಇಲ್ಲವೇ ಓದು, ಕೆಲಸ, ಚಿಕಿತ್ಸೆಗಾಗಿ ಊರು ಬಿಡಬೇಕಾಗುತ್ತದೆ.

ನಾನು ಚನ್ನಗಿರಿ ತಾಲ್ಲೂಕಿನವನು. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಅಡಿಕೆ ಕೊನೆ ಕೊಯ್ಯುವಾಗ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಯಿತು. ಅಂದಿನಿಂದ ಗಾಲಿಕುರ್ಚಿಯ ಮೇಲಿದ್ದೇನೆ. ಈಗ ದಾವಣಗೆರೆಯಲ್ಲಿ ಬಾಡಿಗೆ ಮನೆಯಲ್ಲಿದ್ದು, ಆನ್‌ಲೈನ್ ಅರ್ಜಿ ತುಂಬಿಕೊಡುವ ಒಂದು ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದೇನೆ. ಮಾಸಾಶನ, ವಸತಿ, ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿನ ಅರ್ಜಿ ಹಿಡಿದು ಬರುವ ನನ್ನಂಥವರು ಮೊದಲು ಕೇಳುವುದು ಎಲ್ಲಿ ಕಡಿಮೆ ಖರ್ಚಾಗುತ್ತದೆ ಎಂಬುದನ್ನು. ನಾನು ಅವರಿಗೆ ಬೇರೆ ಎರಡು ಪ್ರಶ್ನೆ ಕೇಳುತ್ತೇನೆ. ಆ ಮನೆಯಲ್ಲಿ ಯಾರನ್ನೂ ಕರೆಯದೆ ನೀವು ಶೌಚಾಲಯಕ್ಕೆ ಹೋಗಿ ಬರಬಲ್ಲಿರಾ? ಆ ಮನೆಯಲ್ಲಿ ನೀವಿರಬಹುದು ಎಂದು ಹೇಳುವ ಕಾಗದದಲ್ಲಿ ಯಾರ ಹೆಸರಿದೆ? ಖರ್ಚಿನ ಲೆಕ್ಕ ಇವೆರಡರ ನಂತರ ಬರಬೇಕು. ಕೆಳಗಿನ ದಾರಿಗಳನ್ನೆಲ್ಲ ನಾನು ಈ ಎರಡು ಪ್ರಶ್ನೆಗಳಿಂದಲೇ ಅಳೆದಿದ್ದೇನೆ.

ಹೆತ್ತವರ ಮನೆಯಲ್ಲೇ ಉಳಿಯುವುದು

ಬಹುತೇಕರಿಗೆ ಇದೇ ಮೊದಲ ದಾರಿ. ಕೆಲವರಿಗೆ ಇದೇ ಒಳ್ಳೆಯ ದಾರಿ ಕೂಡ. ಬಾಡಿಗೆಯಿಲ್ಲ, ಅನ್ನಕ್ಕೆ ಯೋಚನೆಯಿಲ್ಲ, ರಾತ್ರಿ ಜ್ವರ ಬಂದರೆ ನೋಡಿಕೊಳ್ಳಲು ಒಂದು ಜೀವ ಇರುತ್ತದೆ. ತೊಂದರೆ ಇರುವುದು ಮನೆಯ ಕಟ್ಟೋಣದಲ್ಲಿ. ನಮ್ಮ ಕಡೆಯ ಹಳ್ಳಿಮನೆಗಳಲ್ಲಿ ಬಚ್ಚಲು ಹಿತ್ತಲಿಗಿರುತ್ತದೆ, ಶೌಚಾಲಯ ಅದಕ್ಕೂ ಆಚೆ ಇರುತ್ತದೆ, ನಡುವೆ ಎರಡು ಮೂರು ಮೆಟ್ಟಿಲು. ಆಸ್ಪತ್ರೆಯಿಂದ ಊರಿಗೆ ಮರಳಿದ ಮೊದಲ ಒಂದೂವರೆ ವರ್ಷ ಅಪ್ಪ ಮತ್ತು ಚಿಕ್ಕಪ್ಪ ನನ್ನನ್ನು ಹೊತ್ತುಕೊಂಡು ಹೋಗಿ ಬರುತ್ತಿದ್ದರು. ಅವರಿಬ್ಬರೂ ತೋಟಕ್ಕೆ ಹೋದ ದಿನಗಳಲ್ಲಿ ಸಂಜೆಯವರೆಗೂ ನೀರು ಕುಡಿಯದೆ ಕೂತಿರುತ್ತಿದ್ದೆ. ಬೆನ್ನುಹುರಿಯ ಪೆಟ್ಟಿನವರು ಹಾಗೆ ನೀರು ಕುಡಿಯದೇ ಇದ್ದರೆ ಮೂತ್ರದ ಸೋಂಕಾಗುತ್ತದೆ. ನನಗೂ ಆಯಿತು.

ಆದ್ದರಿಂದ ಮನೆಯಲ್ಲೇ ಉಳಿಯುವವರು ಮನೆಯನ್ನು ತಿದ್ದಿಸುವ ಕೆಲಸಕ್ಕೆ ಮೊದಲು ಕೈಹಾಕಬೇಕು. ಗ್ರಾಮ ಪಂಚಾಯಿತಿಗಳು ತಮ್ಮ ಅನುದಾನದಲ್ಲಿ ಶೇ 5ರಷ್ಟನ್ನು ಅಂಗವಿಕಲರಿಗಾಗಿ ತೆಗೆದಿಡಬೇಕು. ಪ್ರತಿ ಪಂಚಾಯಿತಿಗೆ ಒಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೂ, ತಾಲ್ಲೂಕಿಗೆ ಒಬ್ಬ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರೂ ಇರುತ್ತಾರೆ. ಇಳಿಜಾರು ಹಾದಿ, ಗೋಡೆಗೆ ಹಿಡಿಕೆ, ಕಮೋಡ್, ಇವುಗಳಲ್ಲಿ ಯಾವುದಕ್ಕೆ ಆ ಹಣ ಸಿಗಬಹುದೆಂದು ಅವರ ಮೂಲಕವೇ ಪಂಚಾಯಿತಿಗೆ ಲಿಖಿತ ಅರ್ಜಿ ಕೊಡಿ, ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ. ಬಾಯಿಮಾತಿನಲ್ಲಿ ಕೇಳಿದ್ದಕ್ಕೆ ಮುಂದಿನ ವರ್ಷ ಯಾವ ಗುರುತೂ ಉಳಿದಿರುವುದಿಲ್ಲ. ಮೆದುಳಿನ ಪಾರ್ಶ್ವವಾಯು (ಸೆರೆಬ್ರಲ್ ಪಾಲ್ಸಿ), ಸ್ನಾಯು ಕ್ಷಯ, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲಿರೋಸಿಸ್ ಇರುವವರನ್ನು ನೋಡಿಕೊಳ್ಳುವ ಮನೆಯವರಿಗೆ ತಿಂಗಳಿಗೆ 1,000 ರೂಪಾಯಿ ಕೊಡುವುದಾಗಿ 2024-25ರ ರಾಜ್ಯ ಬಜೆಟ್ಟಿನಲ್ಲಿ ಹೇಳಲಾಗಿದೆ. ಅಂಥ ಮನೆಗಳವರು ಇದನ್ನೂ ಕೇಳಿ ಪಡೆಯಬೇಕು.

ಇನ್ನು ಕಾಗದದ ಪ್ರಶ್ನೆ. ಅಪ್ಪನ ಮನೆಯಲ್ಲಿ ಇರುವುದಕ್ಕೆ ಕಾಗದ ಏಕೆ ಎಂದು ಮನೆಯವರಿಗೆ ನೋವಾಗಬಹುದು. ಆದರೆ ಅಂಗವಿಕಲ ವ್ಯಕ್ತಿಗೂ ಆಸ್ತಿ ಹೊಂದುವ, ಪಿತ್ರಾರ್ಜಿತ ಪಡೆಯುವ ಸಮಾನ ಹಕ್ಕಿದೆ ಎಂದು 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮದ 13ನೇ ಕಲಂ ಹೇಳುತ್ತದೆ. ಅಣ್ಣ ತಮ್ಮಂದಿರ ಪಾಲಾಗುವಾಗ “ಅವನನ್ನು ನಾವೇ ನೋಡಿಕೊಳ್ಳುತ್ತೇವೆ” ಎಂಬ ಒಂದು ಮಾತಿನ ಮೇಲೆ ಅಂಗವಿಕಲನ ಪಾಲನ್ನು ಬಿಟ್ಟುಬಿಡುವುದನ್ನು ನಾನು ನಮ್ಮ ಸುತ್ತಿನಲ್ಲೇ ನೋಡಿದ್ದೇನೆ. ಮಾತು ಕೊಟ್ಟವರು ಕೆಟ್ಟವರೇನಲ್ಲ, ಆದರೆ ಅವರ ಕಾಲದ ನಂತರ ಆ ಮಾತಿಗೆ ಯಾರೂ ಬಾಧ್ಯರಾಗುವುದಿಲ್ಲ. ಹೆತ್ತವರು ಕೈಕಾಲು ಗಟ್ಟಿಯಿರುವಾಗಲೇ ಒಂದು ಕೋಣೆಯನ್ನಾದರೂ ಉಯಿಲಿನಲ್ಲಿಯೋ ವಿಭಾಗ ಪತ್ರದಲ್ಲಿಯೋ ನಿಮ್ಮ ಹೆಸರಿಗೆ ಸ್ಪಷ್ಟವಾಗಿ ಬರೆಸಿ ನೋಂದಣಿ ಮಾಡಿಸಲಿ.

ವಸತಿ ನಿಲಯ

ಓದುವವರಿಗೆ ಸಮಾಜ ಕಲ್ಯಾಣ ಮತ್ತು ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಗಳ ಮೆಟ್ರಿಕ್ ನಂತರದ ವಸತಿ ನಿಲಯಗಳಿವೆ. ಕೆಲಸದಲ್ಲಿರುವ ಅಥವಾ ತರಬೇತಿ ಪಡೆಯುತ್ತಿರುವ ಅಂಗವಿಕಲ ಮಹಿಳೆಯರಿಗೆ ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯು ಸ್ವಯಂಸೇವಾ ಸಂಸ್ಥೆಗಳ ಮೂಲಕ ನಡೆಸುವ ನಿಲಯಗಳ ಯೋಜನೆಯಿದೆ. ಸೀಟು ಇದೆಯೇ ಎಂಬುದನ್ನು ಜಿಲ್ಲಾ ಅಂಗವಿಕಲರ ಕಲ್ಯಾಣಾಧಿಕಾರಿಗಳ ಕಚೇರಿಯಲ್ಲೇ ಕೇಳಿ ತಿಳಿಯಬೇಕು. ಖರ್ಚಿನ ದೃಷ್ಟಿಯಿಂದ ಇದನ್ನು ಮೀರಿಸುವ ದಾರಿಯಿಲ್ಲ. ಆದರೆ ನೆಲಮಹಡಿಯಲ್ಲಿ ಕೋಣೆ ಸಿಕ್ಕರೂ ಸ್ನಾನದ ಮನೆಗಳು ಸಾಲಾಗಿ, ಕಿರಿದಾದ ಬಾಗಿಲುಗಳೊಂದಿಗೆ, ಎತ್ತರದ ಕಟ್ಟೆಯ ಮೇಲೆ ಇರುತ್ತವೆ. ಊರುಗೋಲಿನವರಿಗೆ ಅಲ್ಲಿನ ಒದ್ದೆ ನೆಲ ಅಪಾಯ. ದೃಷ್ಟಿದೋಷ ಅಥವಾ ಶ್ರವಣದೋಷ ಇರುವವರಿಗೆ ವಸತಿ ನಿಲಯ ಚೆನ್ನಾಗಿ ಹೊಂದುತ್ತದೆ ಎಂದು ಧೈರ್ಯವಾಗಿ ಹೇಳುತ್ತೇನೆ. ಗಾಲಿಕುರ್ಚಿಯವರು ಮಾತ್ರ ಸೀಟು ಸಿಕ್ಕಿತೆಂಬ ಸಂತೋಷದಲ್ಲಿ ಒಪ್ಪಿಕೊಳ್ಳದೆ, ಒಮ್ಮೆ ಕಣ್ಣಾರೆ ನೋಡಿ ಬರಬೇಕು. ಸೀಟು ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ವಿದ್ಯಾಸಿರಿ ಯೋಜನೆಯಲ್ಲಿ ವರ್ಷಕ್ಕೆ ಹತ್ತು ತಿಂಗಳು ಊಟ ಮತ್ತು ವಸತಿಯ ಸಹಾಯ ಸಿಗುತ್ತದೆ. ತೋಳಹುಣಸೆಯ ವಿಶ್ವವಿದ್ಯಾಲಯದಲ್ಲಿ ಓದುವ ಇಬ್ಬರು ಗೆಳೆಯರು ಆ ಹಣ ಸೇರಿಸಿ ಒಂದು ಕೋಣೆ ಹಿಡಿದರೆ ಅದು ನಿಲಯಕ್ಕಿಂತ ಅನುಕೂಲವಾಗಬಹುದು. ಓದು ಮುಗಿದ ದಿನ ನಿಲಯ ಬಿಡಬೇಕು ಎಂಬುದನ್ನು ಮಾತ್ರ ಮೊದಲೇ ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಬಾಡಿಗೆಯೋ ಭೋಗ್ಯವೋ

ನಗರದಲ್ಲಿ ಸ್ವಂತವಾಗಿ ಇರಬಯಸುವವರ ಮುಂದೆ ಇವೆರಡು ದಾರಿಗಳಿವೆ. ನಾನು ಕಾಲ ಕಳೆದಿರುವುದು ಇದರಲ್ಲೇ ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಹಳೇ ಊರಿನ ಓಣಿಗಳಲ್ಲಿ, ದುಗ್ಗಮ್ಮನ ಗುಡಿಯ ಸುತ್ತಿನಲ್ಲಿ ಬಾಡಿಗೆ ಕಡಿಮೆ. ಆದರೆ ವಠಾರದ ಮನೆಗಳಲ್ಲಿ ಶೌಚಾಲಯ ಹೊರಗೆ, ನಾಲ್ಕು ಮನೆಗೆ ಒಂದು. ನಿಟುವಳ್ಳಿ, ಸರಸ್ವತಿ ನಗರ, ಎಸ್.ಎಸ್. ಬಡಾವಣೆಯಂಥ ಕಡೆ ಮನೆಯೊಳಗೇ ಶೌಚಾಲಯವಿರುತ್ತದೆ, ರಸ್ತೆ ಅಗಲವಾಗಿರುತ್ತದೆ, ಆಟೋ ಬಾಗಿಲವರೆಗೆ ಬರುತ್ತದೆ. ಆದರೆ ಮಳೆನೀರು ನುಗ್ಗಬಾರದೆಂದು ತಳಪಾಯವನ್ನು ಎರಡು ಅಡಿ ಎತ್ತರಿಸಿರುತ್ತಾರೆ. ಇಳಿಜಾರು ಹಾದಿಗೆ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕೆಂಬುದು ಮಾನದಂಡ. ಹಾಗಾದರೆ ಎರಡು ಅಡಿಯ ತಳಪಾಯಕ್ಕೆ ಇಪ್ಪತ್ನಾಲ್ಕು ಅಡಿಯ ಹಾದಿ ಬೇಕು. ಮೂವತ್ತು ನಲವತ್ತರ ನಿವೇಶನದಲ್ಲಿ ಅಷ್ಟು ಜಾಗ ಎಲ್ಲಿಂದ ಬರಬೇಕು? ಆದ್ದರಿಂದ ಮನೆ ಹುಡುಕುವಾಗ ಬಡಾವಣೆಯ ಹೆಸರಿಗಿಂತ ಹೊರಬಾಗಿಲಿನ ಮೆಟ್ಟಿಲನ್ನು ಎಣಿಸಿ. ಒಂದೇ ಮೆಟ್ಟಿಲಿನ ಮನೆ ಸಿಕ್ಕರೆ ಬಾಡಿಗೆ ಐನೂರು ಹೆಚ್ಚಾದರೂ ಅದನ್ನೇ ಹಿಡಿಯಿರಿ.

ಮನೆ ನೋಡಲು ಹೋಗುವಾಗ ಅಳತೆ ಟೇಪು ಕೈಯಲ್ಲಿರಲಿ. ನನ್ನ ಗಾಲಿಕುರ್ಚಿ ಗಾಲಿಯ ಹೊರಬಳೆ ಸೇರಿ 25 ಇಂಚು ಅಗಲ. ನಾನು ನೋಡಿದ ಹನ್ನೊಂದು ಮನೆಗಳಲ್ಲಿ ಒಂಬತ್ತು ಮನೆಯ ಬಚ್ಚಲ ಬಾಗಿಲು 24 ಇಂಚು ಇತ್ತು. ಒಂದು ಇಂಚಿಗೆ ಒಂಬತ್ತು ಮನೆ ಹೋದವು. ಹತ್ತನೆಯ ಮನೆಯ ಬಾಗಿಲು 28 ಇಂಚು ಇತ್ತು. ಆದರೆ ಗಾಲಿಕುರ್ಚಿಯಲ್ಲಿರುವವರಿಗೆ ಮನೆ ಕೊಟ್ಟರೆ ನೆಲ ಹಾಳಾಗುತ್ತದೆ ಎಂದು ಮಾಲೀಕರು ಒಪ್ಪಲಿಲ್ಲ. ಹನ್ನೊಂದನೆಯದರಲ್ಲಿ ಬಾಗಿಲು ಸರಿಯಿತ್ತು, ಮೆಟ್ಟಿಲೂ ಒಂದೇ. ಅಡ್ಡ ಬಂದದ್ದು ತಲೆಬಾಗಿಲಿನ ಹೊಸ್ತಿಲು. ನಾಲ್ಕು ಇಂಚಿನ ತೇಗದ ಹೊಸ್ತಿಲು, ಪ್ರತಿ ಶುಕ್ರವಾರ ಅರಿಶಿನ ಹಚ್ಚಿ ಕುಂಕುಮ ಇಟ್ಟು ರಂಗೋಲಿ ಬಿಡುವ ಹೊಸ್ತಿಲು. ಅದನ್ನು ತೆಗೆಸಿಕೊಡಿ ಎಂದು ಕೇಳುವ ಬಾಯಿ ನನಗೂ ಬರಲಿಲ್ಲ. ಮನೆಯೊಡತಿಯೇ ಸ್ವಲ್ಪ ಹೊತ್ತು ನೋಡಿ, “ಹೊಸ್ಲು ಕೀಳೋದು ಬ್ಯಾಡ ತಮ್ಮಾ, ಒಳಗೊಂದು ಹೊರಗೊಂದು ಹಲಗಿ ಮಾಡಿಸ್ಕ, ಹಬ್ಬದ್ ದಿನ ಎತ್ತಿಟ್ರಾತು” ಅಂದರು. ಬಡಗಿಯೊಬ್ಬರು ಬೇವಿನ ಹಲಗೆಯಲ್ಲಿ ಎರಡು ಇಳಿಜಾರು ತುಂಡು ಮಾಡಿ, ಜಾರದಿರಲೆಂದು ಮೇಲೆ ಹಳೇ ಸೈಕಲ್ ಟಯರಿನ ಪಟ್ಟಿ ಹೊಡೆದು ಕೊಟ್ಟರು. ಖರ್ಚು 900 ರೂಪಾಯಿ. ಆ ಹಲಗೆಗಳ ಮೇಲೆಯೇ ಇಂದಿಗೂ ಓಡಾಡುತ್ತಿದ್ದೇನೆ.

ನೀರಿನ ವಿಚಾರ ಕೇಳುವುದನ್ನು ಹಲವರು ಮರೆಯುತ್ತಾರೆ. ದಾವಣಗೆರೆಯ ಎಷ್ಟೋ ಕಡೆ ನಲ್ಲಿ ನೀರು ದಿನವೂ ಬರುವುದಿಲ್ಲ. ಕೆಳಗಿನ ಸಂಪಿನಿಂದ ಕೊಡದಲ್ಲಿ ಎತ್ತಿಕೊಳ್ಳಬೇಕಾದ ಮನೆ ನಮಗೆ ಆಗುವುದಿಲ್ಲ. ಮೇಲಿನ ಟ್ಯಾಂಕಿನಿಂದ ಶೌಚಾಲಯದ ಒಳಗೇ ನಲ್ಲಿ ಇರಬೇಕು.

ಈಗ ಭೋಗ್ಯದ ಮಾತು. ಎರಡು ಮೂರು ಲಕ್ಷ ಒಟ್ಟಿಗೆ ಕೊಟ್ಟು, ಮೂರು ವರ್ಷ ಬಾಡಿಗೆಯಿಲ್ಲದೆ ಇದ್ದು, ಬಿಡುವಾಗ ಹಣ ವಾಪಸು ಪಡೆಯುವ ಈ ಪದ್ಧತಿ ಮಾಸಾಶನದವರಿಗೆ ಬಹಳ ಆಕರ್ಷಕವಾಗಿ ಕಾಣುತ್ತದೆ, ಏಕೆಂದರೆ ತಿಂಗಳ ಖರ್ಚು ಸೊನ್ನೆ. ಅಪಘಾತದ ಪರಿಹಾರವೋ, ಅಪ್ಪ ತೋಟ ಮಾರಿದ ಹಣವೋ ಕೈಯಲ್ಲಿದ್ದಾಗ ಇದರತ್ತ ಮನಸ್ಸು ವಾಲುತ್ತದೆ. ನನ್ನ ಅಭಿಪ್ರಾಯ ಸ್ಪಷ್ಟವಿದೆ. ಜೀವನದಲ್ಲಿ ಒಮ್ಮೆ ಮಾತ್ರ ಬರುವ ಇಡುಗಂಟನ್ನು ನೋಂದಣಿಯಾಗದ ಕಾಗದದ ಮೇಲೆ ಇನ್ನೊಬ್ಬರ ಕೈಗೆ ಕೊಡಬೇಡಿ. ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಕರಾರು ಕಾನೂನಿನ ಪ್ರಕಾರ ನೋಂದಣಿಯಾಗಲೇಬೇಕು, ಆದರೆ ಭೋಗ್ಯಗಳು ಬಹುಪಾಲು ಛಾಪಾ ಕಾಗದದ ಮೇಲಿನ ಸಹಿಗೆ ಮುಗಿಯುತ್ತವೆ. ಮನೆಯ ಮೇಲೆ ಮಾಲೀಕರ ಬ್ಯಾಂಕ್ ಸಾಲವಿದ್ದು ಅವರು ಕಟ್ಟದೇ ಹೋದರೆ ಮೊದಲ ಹಕ್ಕು ಬ್ಯಾಂಕಿನದು. ಭೋಗ್ಯವೇ ಬೇಕೆನ್ನುವವರು ಉಪನೋಂದಣಾಧಿಕಾರಿ ಕಚೇರಿಯಿಂದ ಋಣಭಾರ ಪ್ರಮಾಣಪತ್ರ ತೆಗೆಸಿ ನೋಡಿ, ಕರಾರನ್ನು ನೋಂದಣಿ ಮಾಡಿಸಿಯೇ ಹಣ ಕೊಡಲಿ. ಮಾಲೀಕರು ನೋಂದಣಿಗೆ ಒಪ್ಪದಿದ್ದರೆ ಆ ಮನೆ ಬೇಡ.

ಬಾಡಿಗೆಯಲ್ಲಿ ಪ್ರತಿ ತಿಂಗಳ ಭಾರವಿದೆ, ನಿಜ. ನಾನು 4,500 ರೂಪಾಯಿ ಕೊಡುತ್ತೇನೆ, ಮುಂಗಡ 30,000 ಕೊಟ್ಟಿದ್ದೇನೆ. ಮಾಸಾಶನದ 1,400 ಅದರ ಮೂರನೇ ಒಂದು ಭಾಗಕ್ಕೂ ಸಾಲದು, ಉಳಿದದ್ದು ಕೂಲಿಯಿಂದ ಬರಬೇಕು. ಆದರೆ ಕಳೆದುಕೊಳ್ಳುವುದಾದರೆ ಮೂವತ್ತು ಸಾವಿರ, ಮೂರು ಲಕ್ಷವಲ್ಲ. ಹನ್ನೊಂದು ತಿಂಗಳ ಕರಾರು ಪತ್ರ ನಿಮ್ಮ ಹೆಸರಿನಲ್ಲೇ ಇರಲಿ, ಅಣ್ಣನ ಅಥವಾ ಗೆಳೆಯನ ಹೆಸರಿನಲ್ಲಿ ಬೇಡ. ಹಿಡಿಕೆ ಹಾಕಿಸಲು, ಹಲಗೆ ಇಡಲು ಮಾಲೀಕರ ಒಪ್ಪಿಗೆ ಇದೆ ಎಂಬ ಒಂದು ಸಾಲನ್ನು ಅದರಲ್ಲಿ ಸೇರಿಸಿ. ಬಾಡಿಗೆದಾರರಿಗೂ ಗೃಹಜ್ಯೋತಿ ಅನ್ವಯಿಸುತ್ತದೆ. ಕರಾರು ಪತ್ರ ಇದ್ದರೆ ಆ ಮನೆಯ ವಿದ್ಯುತ್ ಸಂಪರ್ಕದ ಆರ್.ಆರ್. ಸಂಖ್ಯೆಗೆ ನಿಮ್ಮ ಆಧಾರ್ ಜೋಡಿಸಿ ಕರೆಂಟ್ ಬಿಲ್ಲಿನ ಭಾರ ಇಳಿಸಿಕೊಳ್ಳಬಹುದು. ಮಾಸಾಶನ ಬ್ಯಾಂಕ್ ಖಾತೆಗೆ ಬರುವುದರಿಂದ ಮನೆ ಬದಲಿಸಿದ ಮಾತ್ರಕ್ಕೆ ನಿಲ್ಲುವುದಿಲ್ಲ. ಪಡಿತರವನ್ನೂ ಊರಿನ ಕಾರ್ಡಿನ ಮೇಲೆ ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲೇ ಪಡೆಯಬಹುದು.

ಸಾಮೂಹಿಕ ವಸತಿ ಗೃಹಗಳು

ಬೌದ್ಧಿಕ ಅಂಗವಿಕಲತೆ, ಆಟಿಸಂ, ಮೆದುಳಿನ ಪಾರ್ಶ್ವವಾಯು, ಬಹುವಿಧ ಅಂಗವಿಕಲತೆ ಇರುವ, ಹದಿನೆಂಟು ದಾಟಿದವರಿಗೆ ರಾಷ್ಟ್ರೀಯ ನ್ಯಾಸದ (ನ್ಯಾಷನಲ್ ಟ್ರಸ್ಟ್) ‘ಘರೌಂದಾ’ ಯೋಜನೆಯ ಸಾಮೂಹಿಕ ಮನೆಗಳಿವೆ. ತಮ್ಮ ನಂತರ ಮಗುವಿನ ಗತಿಯೇನು ಎಂದು ಕೊರಗುವ ಹೆತ್ತವರು ಇದನ್ನು ವಿಚಾರಿಸಬೇಕು. ಸಂಸ್ಥೆ ಯಾವುದೇ ಇರಲಿ, 2016ರ ಅಧಿನಿಯಮದ ಪ್ರಕಾರ ನೋಂದಣಿಯಾಗಿರಬೇಕು. ಆ ಪ್ರಮಾಣಪತ್ರ ತೋರಿಸಿ ಎಂದು ಕೇಳುವುದಕ್ಕೆ ಸಂಕೋಚ ಬೇಡ. ಹೇಳದೆ ಕೇಳದೆ ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಹೋಗಿ ನೋಡಿ, ಅಲ್ಲಿರುವವರು ಹೊರಗೆ ಓಡಾಡುತ್ತಾರೆಯೇ, ತಮ್ಮ ಬಟ್ಟೆ ತಾವೇ ಆರಿಸಿಕೊಳ್ಳುತ್ತಾರೆಯೇ ಎಂದು ಗಮನಿಸಿ. ಅಂಗವಿಕಲ ವ್ಯಕ್ತಿಯನ್ನು ಇಂಥದ್ದೇ ವಸತಿಯಲ್ಲಿರಬೇಕೆಂದು ಬಲವಂತ ಮಾಡುವಂತಿಲ್ಲ ಎಂದು ಅದೇ ಅಧಿನಿಯಮದ 5ನೇ ಕಲಂ ಹೇಳುತ್ತದೆ. ಮನೆಯಿಲ್ಲ, ಮನೆಯವರಿಗೆ ಬೇಡ ಎಂಬ ಒಂದೇ ಕಾರಣಕ್ಕೆ ಮಾನಸಿಕ ಅನಾರೋಗ್ಯ ಇರುವವರನ್ನು ಆಸ್ಪತ್ರೆಯಲ್ಲಿ ಇರಿಸಿಕೊಳ್ಳಬಾರದೆಂದು 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯೂ ಹೇಳುತ್ತದೆ. ಮೇಲೆ ಮೊದಲು ಹೇಳಿದ ನಾಲ್ಕು ಬಗೆಯ ಅಂಗವಿಕಲತೆ ಇರುವವರಿಗೆ ಹದಿನೆಂಟರ ನಂತರ ಕಾನೂನುಬದ್ಧ ಪಾಲಕರ ನೇಮಕ ಬೇಕಾದರೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಹಾಕಬೇಕು. ಯಾರಿಗೆ ಏನು ಸಹಾಯ ಬೇಕು ಎಂಬ ತಪಾಸಣೆಗೆ ದೂರ ಹೋಗಬೇಕಾಗಿಲ್ಲ, ಅಂಗವಿಕಲರ ಸಂಯುಕ್ತ ಪ್ರಾದೇಶಿಕ ಕೇಂದ್ರ, ಅಂದರೆ ಸಿಆರ್‌ಸಿ, ನಮ್ಮ ದಾವಣಗೆರೆಯಲ್ಲೇ ಇದೆ.

ಸರ್ಕಾರದ ವಸತಿ ಯೋಜನೆ

ಕಾಗದದ ಪ್ರಶ್ನೆಗೆ ಗಟ್ಟಿ ಉತ್ತರ ಇರುವುದು ಇಲ್ಲೇ, ಆದರೆ ಎಲ್ಲಕ್ಕಿಂತ ಹೆಚ್ಚು ಕಾಯಿಸುವುದೂ ಇದೇ. ಹಳ್ಳಿಯಲ್ಲಿ ಬಸವ ವಸತಿ ಮತ್ತು ಪ್ರಧಾನಮಂತ್ರಿ ಆವಾಸ್, ಪರಿಶಿಷ್ಟರಿಗೆ ಅಂಬೇಡ್ಕರ್ ನಿವಾಸ್, ಪಟ್ಟಣದಲ್ಲಿ ವಾಜಪೇಯಿ ನಗರ ವಸತಿ, ಇವು ರಾಜೀವ್ ಗಾಂಧಿ ವಸತಿ ನಿಗಮದ ಮೂಲಕ ನಡೆಯುತ್ತವೆ. ಇವುಗಳ ಜೊತೆಗೆ ದೇವರಾಜ ಅರಸು ವಸತಿ ಯೋಜನೆ ಇದೆ. ಅದು ಅಂಗವಿಕಲರು, ವಿಧವೆಯರು, ದೇವದಾಸಿಯರಂಥ ವಿಶೇಷ ವರ್ಗದವರಿಗೆಂದೇ ಇರುವುದು. ಇದನ್ನು ಕೇಳಿಯೇ ಇರದ ಅಂಗವಿಕಲರು ನಮ್ಮ ಅಂಗಡಿಗೆ ವಾರಕ್ಕೊಬ್ಬರಾದರೂ ಬರುತ್ತಾರೆ.

ಶೇ 40ಕ್ಕಿಂತ ಕಡಿಮೆಯಿಲ್ಲದ ಅಂಗವಿಕಲತೆ ಇರುವವರಿಗೆ ಎಲ್ಲ ವಸತಿ ಯೋಜನೆಗಳಲ್ಲಿ ಶೇ 5ರ ಮೀಸಲಾತಿ ಇರಬೇಕು, ಅದರಲ್ಲೂ ಮಹಿಳೆಯರಿಗೆ ಆದ್ಯತೆ ಇರಬೇಕು ಎಂದು ಅಧಿನಿಯಮದ 37ನೇ ಕಲಂ ಹೇಳುತ್ತದೆ. ಗ್ರಾಮಸಭೆಯಲ್ಲಿ ಪಟ್ಟಿ ಓದುವಾಗ ಈ ಕಲಮಿನ ಸಂಖ್ಯೆಯನ್ನು ಹೇಳಿ ಕೇಳಿ. ರಾಜ್ಯದ ಯೋಜನೆಗಳಲ್ಲಿ ಮನೆಯನ್ನು ಸಾಮಾನ್ಯವಾಗಿ ಮಹಿಳೆಯ ಹೆಸರಿಗೆ ಮಂಜೂರು ಮಾಡುತ್ತಾರೆ, ಅಂಗವಿಕಲ ಪುರುಷರಿಗೆ ಇದರಿಂದ ವಿನಾಯಿತಿ ಇದೆ. ಹಾಗಾಗಿ ಅವ್ವನ ಹೆಸರಿಗೆ ಆಗಲಿ, ಅತ್ತಿಗೆಯ ಹೆಸರಿಗೆ ಆಗಲಿ ಎಂದು ಯಾರಾದರೂ ಸೂಚಿಸಿದರೆ ಒಪ್ಪುವ ಅಗತ್ಯವಿಲ್ಲ.

ಒಂದು ತೊಡಕನ್ನು ಮೊದಲೇ ತಿಳಿದಿರಬೇಕು. 2024ರಲ್ಲಿ ಆರಂಭವಾದ ಪ್ರಧಾನಮಂತ್ರಿ ಆವಾಸ್ ನಗರ 2.0ರಲ್ಲಿ ಕುಟುಂಬ ಎಂದರೆ ಗಂಡ, ಹೆಂಡತಿ ಮತ್ತು ಮದುವೆಯಾಗದ ಮಕ್ಕಳು. ಅಪ್ಪನ ಹೆಸರಿನಲ್ಲಿ ಪಕ್ಕಾ ಮನೆಯಿದ್ದರೆ ಮದುವೆಯಾಗದ ಮಗ ಅಥವಾ ಮಗಳು ಪ್ರತ್ಯೇಕವಾಗಿ ಅರ್ಹರಾಗುವುದು ಕಷ್ಟ. ಅಂಗವಿಕಲ ಯುವಜನರಲ್ಲಿ ಮದುವೆಯಾಗದವರೇ ಹೆಚ್ಚಿರುವಾಗ ಈ ವ್ಯಾಖ್ಯೆ ನಮಗೆ ನ್ಯಾಯ ಒದಗಿಸುವುದಿಲ್ಲ ಎಂದೇ ನಾನು ಭಾವಿಸುತ್ತೇನೆ. ಇದು ಬದಲಾಗಬೇಕು. ಬಹುಮಹಡಿ ವಸತಿಯಲ್ಲಿ ಹಂಚಿಕೆಯಾಗುವಾಗ ಅಂಗವಿಕಲರಿಗೆ ನೆಲಮಹಡಿಯ ಆದ್ಯತೆ ಇದೆ. ಅರ್ಜಿಯಲ್ಲೇ ಅದನ್ನು ಬರೆದು ಕೇಳಬೇಕು, ಹಂಚಿಕೆಯಾದ ಮೇಲೆ ಬದಲಿಸಿಕೊಳ್ಳುವುದು ಹರಸಾಹಸ.

ನಿವೇಶನ ಇದ್ದವರಿಗೂ ಹಣದ ಹರಿವಿನ ತೊಂದರೆಯಿದೆ. ಗ್ರಾಮೀಣ ಆವಾಸ್ ಯೋಜನೆಯಲ್ಲಿ ನಮ್ಮಂಥ ಬಯಲು ಪ್ರದೇಶಕ್ಕೆ 1.20 ಲಕ್ಷ ರೂಪಾಯಿ, ಅದರ ಜೊತೆ ಉದ್ಯೋಗ ಖಾತರಿಯ 90 ದಿನಗಳ ಕೂಲಿ, ಶೌಚಾಲಯಕ್ಕೆ 12,000. ಕಾಮಗಾರಿ ಮುಂದುವರಿದಂತೆ ಫೋಟೋ ತೆಗೆದು ಕಂತುಗಳಲ್ಲಿ ಬಿಡುಗಡೆ ಮಾಡುತ್ತಾರೆ. ಮುಂದಿನ ಹಂತಕ್ಕೆ ಕೈಯಿಂದ ಹಾಕಿ, ನಂತರ ಕಂತು ಪಡೆಯಬೇಕಾಗುತ್ತದೆ. ಸಾಲದ ಬಡ್ಡಿ ಬೆಳೆದು ಗೋಡೆಗೆ ನಿಂತ ಮನೆಗಳು ನಮ್ಮ ತಾಲ್ಲೂಕಿನಲ್ಲಿವೆ. ಸ್ವಲ್ಪ ಕೂಡಿಟ್ಟ ಹಣವಿಲ್ಲದೆ ತಳಪಾಯ ಅಗೆಯಬೇಡಿ. ಅಗೆಯುವ ಮೊದಲು ಗಾರೆ ಮೇಸ್ತ್ರಿಯನ್ನು ಕೂರಿಸಿಕೊಂಡು, ತಳಪಾಯ ಒಂದು ಅಡಿಗಿಂತ ಏಳಬಾರದು, ಇಳಿಜಾರು ಹಾದಿಗೆ ಮುಂದೆ ಹನ್ನೆರಡು ಅಡಿ ಬಿಡಬೇಕು, ಬಚ್ಚಲು ಮತ್ತು ಶೌಚಾಲಯ ಒಂದೇ ಕೋಣೆಯಲ್ಲಿರಬೇಕು, ಒಳಗೆ ಗಾಲಿಕುರ್ಚಿ ತಿರುಗಲು ಐದು ಅಡಿ ಅಗಲದ ಜಾಗ ಬೇಕು, ಬಾಗಿಲು ಮೂರು ಅಡಿ ಇರಬೇಕು, ನೆಲಕ್ಕೆ ಒರಟು ಟೈಲ್ಸ್ ಹಾಕಬೇಕು ಎಂದು ಹೇಳಿ. ಆಗ ಇದಕ್ಕೆ ಹೆಚ್ಚಿಗೆ ಖರ್ಚಾಗುವುದು ಅತ್ಯಲ್ಪ. ಕಟ್ಟಿದ ಮೇಲೆ ಒಡೆದು ಮಾಡಿಸುವುದು ನಾಲ್ಕು ಪಟ್ಟು.

ಬಾಡಿಗೆ ಮತ್ತು ಯೋಜನೆಗಳಲ್ಲಿ ಒಂದನ್ನೇ ಆರಿಸಬೇಕಾಗಿಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ನಗರಕ್ಕೆ ಬಂದ ತಕ್ಷಣ ಆಧಾರ್, ಮತದಾರರ ಚೀಟಿ, ರೇಷನ್ ಕಾರ್ಡು ಎಲ್ಲವನ್ನೂ ಇಲ್ಲಿನ ವಿಳಾಸಕ್ಕೆ ಬದಲಿಸಿಕೊಳ್ಳುವ ಆತುರ ಬೇಡ. ಊರಿನಲ್ಲಿ ಮನೆ ಕಟ್ಟುವ ಆಸೆಯಿದ್ದರೆ ಆ ಪಂಚಾಯಿತಿಯ ನಿವಾಸಿ ಎಂಬ ದಾಖಲೆಯೇ ನಿಮ್ಮ ಆಧಾರ. ಊರಿಗೆ ಮರಳುವ ಯೋಚನೆಯೇ ಇಲ್ಲದವರು ಮಾತ್ರ ಪೂರ್ತಿಯಾಗಿ ಇಲ್ಲಿಗೆ ಬದಲಿಸಿಕೊಂಡು, ಪಾಲಿಕೆಯಲ್ಲಿ ನಗರ ಯೋಜನೆಗೆ ಅರ್ಜಿ ಹಾಕಲಿ. ಎರಡೂ ಕಡೆ ಅರ್ಧರ್ಧ ದಾಖಲೆಯಿದ್ದವರು ಎರಡೂ ಕಡೆ ತಿರಸ್ಕೃತರಾಗುವುದನ್ನು ನಾನು ಅರ್ಜಿ ತುಂಬುವ ಮೇಜಿನಿಂದಲೇ ನೋಡುತ್ತಿದ್ದೇನೆ. ನನ್ನ ದಾಖಲೆಗಳೆಲ್ಲ ಇನ್ನೂ ಊರಿನಲ್ಲೇ ಇವೆ. ಅಪ್ಪ ಕಣದ ಪಕ್ಕದ ಜಾಗವನ್ನು ನನ್ನ ಹೆಸರಿಗೆ ನೋಂದಣಿ ಮಾಡಿಸಿಕೊಟ್ಟಿದ್ದಾರೆ. ಈ ಸಲದ ಗ್ರಾಮಸಭೆಗೆ ಹೋಗುವಾಗ ಯುಡಿಐಡಿ ಕಾರ್ಡು ಮತ್ತು ನಿವೇಶನದ ಕಾಗದದ ಜೊತೆಗೆ ಮನೆಯ ನಕ್ಷೆಯನ್ನೂ ಒಯ್ಯುತ್ತಿದ್ದೇನೆ. ಬಚ್ಚಲ ಬಾಗಿಲಿನ ಪಕ್ಕದಲ್ಲಿ ಮೂರು ಅಡಿ ಎಂದು ದಪ್ಪ ಅಕ್ಷರದಲ್ಲಿ ಬರೆಸಿದ್ದೇನೆ.